ಉಜ್ಜನಪ್ಪನ ಖಾಲಿ ಜಟಕಾ

ಭದ್ರಾವತಿಯ ಹಳೇನಗರದಲ್ಲಿ ಇಪ್ಪತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದ ಉಜ್ಜನಪ್ಪ, ಐವತ್ತಾರನೆಯ ವಯಸ್ಸಿಗೆ ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುವುದನ್ನು ಬಿಟ್ಟಿದ್ದ. ಹಾಕಿಕೊಳ್ಳಲು ಬರುತ್ತಿರಲಿಲ್ಲ ಎಂದಲ್ಲ. ಹೆಂಡತಿ ಶಂಕರಮ್ಮ ಬಿಡುತ್ತಿರಲಿಲ್ಲ. "ಕೈ ಎತ್ತಬೇಡಿ, ದಮ್ಮು ಬರುತ್ತೆ" ಎಂದು ತಾನೇ ಹಾಕುತ್ತಿದ್ದಳು.

ದಮ್ಮು ಬಂದದ್ದು ಒಂದೇ ದಿನಕ್ಕಲ್ಲ. ರಾಗಿ, ಗೋಧಿಯ ಹಿಟ್ಟಿನ ಧೂಳು, ಮದುವೆ ಕಾಲದಲ್ಲಿ ಮೂಟೆಗಟ್ಟಲೆ ಬೀಸುತ್ತಿದ್ದ ಒಣಮೆಣಸಿನಕಾಯಿಯ ಘಾಟು, ಅದರ ಮೇಲೆ ದಿನಕ್ಕೆ ಎರಡು ಕಟ್ಟು ಬೀಡಿ. ನಲವತ್ತಕ್ಕೆ ಕೆಮ್ಮು ಶುರುವಾಯಿತು. ಐವತ್ತು ದಾಟಿದ ಮೇಲೆ ಗಿರಣಿಯಿಂದ ಮನೆಗೆ ಬರುವಾಗ ದಾರಿಯಲ್ಲಿ ಎರಡು ಜಗಲಿಗಳ ಮೇಲೆ ಕೂತು ಬರಬೇಕಾಗುತ್ತಿತ್ತು. ಆಗ ನೋಡಿದ ಒಬ್ಬ ವೈದ್ಯರು ಬೀಡಿ ಬಿಡಿಸಿದರು. "ಪೂರ್ತಿ ವಿಶ್ರಾಂತಿ ತಗೊಳ್ಳಿ" ಎಂದೂ ಹೇಳಿದರು.

ಆ "ಪೂರ್ತಿ" ಎಂಬ ಮಾತನ್ನು ಶಂಕರಮ್ಮ ಸೆರಗಿಗೆ ಗಂಟು ಹಾಕಿಕೊಂಡಳು. ಗಿರಣಿಯನ್ನು ಮೈದುನ ಭೂತಪ್ಪನಿಗೆ ವಹಿಸಿದ್ದಾಯಿತು. ಉಜ್ಜನಪ್ಪನ ಮಂಚ ಪಡಸಾಲೆಗೆ ಬಂತು. ನೀರು ಮಂಚಕ್ಕೆ, ತಟ್ಟೆ ಮಂಚಕ್ಕೆ, ಕ್ಷೌರದವನೂ ಮಂಚಕ್ಕೆ. ಹೀಗೆ ಮೂರು ವರ್ಷ. ವಿಚಿತ್ರವೆಂದರೆ ಅವನು ಅಲುಗಾಡುವುದು ಕಡಿಮೆಯಾದಷ್ಟೂ ಏದುಸಿರು ಹೆಚ್ಚಾಯಿತು. ಮೊದಲು ಬಚ್ಚಲಿಗೆ ಹೋಗಿ ಬಂದರೆ ಬರುತ್ತಿದ್ದದ್ದು, ಆಮೇಲೆ ಎದ್ದು ನಿಂತರೆ ಬರತೊಡಗಿತು. ಒಂದೊಂದು ಸಲ ಬಂದಾಗಲೂ ಶಂಕರಮ್ಮ, "ನೋಡಿದ್ರಾ, ನಾನು ಹೇಳಿರ್ಲಿಲ್ವಾ?" ಎನ್ನುತ್ತಿದ್ದಳು. ಅದಕ್ಕೆ ಉತ್ತರ ಕೊಡುವಷ್ಟು ಉಸಿರು ಉಜ್ಜನಪ್ಪನ ಹತ್ತಿರ ಇರುತ್ತಿರಲಿಲ್ಲ.

ಅರವತ್ತಮೂರನೆಯ ಇಸವಿಯ ಚಳಿಗಾಲದಲ್ಲಿ ಕಫ ಕಟ್ಟಿ ಜ್ವರ ಬಂತು. ಭೂತಪ್ಪ ಅಣ್ಣನನ್ನು ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ, ದುರ್ಗಿಗುಡಿಯಲ್ಲಿದ್ದ ಡಾಕ್ಟರ್ ಶಿವಮೂರ್ತಪ್ಪನವರ ಎಂಟು ಹಾಸಿಗೆಯ ಆಸ್ಪತ್ರೆಗೆ ಸೇರಿಸಿದ. ಪೆನಿಸಿಲಿನ್ ಸೂಜಿ ಬಿದ್ದ ಮೇಲೆ ಜ್ವರ ಇಳಿಯಿತು. ಹತ್ತನೆಯ ದಿನ, ಇನ್ನೇನು ಮನೆಗೆ ಹೊರಡಬೇಕು ಎನ್ನುವಾಗ, ಅಲ್ಲಿಯ ನರ್ಸು ಪ್ರೇಮಮ್ಮ ಬಂದು ಅವನ ಪಂಚೆಯನ್ನು ಮೊಣಕಾಲಿನವರೆಗೆ ಸರಿಸಿ ಮೀನಖಂಡ ಒತ್ತಿ ನೋಡಿದಳು. ಅವಳಿಗೆ ನಲವತ್ತು ಇರಬಹುದು. ಬೊಂಬಾಯಿಯ ಎದೆರೋಗದ ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ ಊರ ಕಡೆಗೆ ಮರಳಿದವಳು.

"ಇದು ಯಾರ ಕಾಲು ಉಜ್ಜನಪ್ಪನೋರೆ?" ಎಂದಳು.

"ನಂದೇ."

"ಭುಜ ನೋಡಿದ್ರೆ ಮೂಟೆ ಎತ್ತಿದ ಭುಜ. ಕಾಲು ನೋಡಿದ್ರೆ ಎಳೇ ಮಗೂದು ಇದ್ದಂಗಿದೆ. ನಡೆದು ಎಷ್ಟು ದಿನ ಆಯ್ತು?"

ಉತ್ತರ ಕೊಟ್ಟವಳು ಮಂಚದ ಪಕ್ಕದಲ್ಲೇ ಇದ್ದ ಶಂಕರಮ್ಮ. "ನಡೆಯೋಕೆ ನಾನು ಬಿಡಲ್ಲ ಸಿಸ್ಟರ್. ಮೂರು ವರ್ಷದಿಂದ ಹೂವಿನ ಹಾಗೆ ನೋಡ್ಕೊಂಡಿದ್ದೀನಿ."

"ಅದೇ ಕಾಣ್ತಿದೆ," ಎಂದಳು ಪ್ರೇಮಮ್ಮ. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಮಂಚದ ತುದಿಯಲ್ಲಿ ಕೂತು ನಿಧಾನವಾಗಿ ಹೇಳಿದಳು: "ಇವರ ಶ್ವಾಸಕೋಶ ಕೆಟ್ಟಿದೆಯಮ್ಮ. ಅದನ್ನ ನಾನೂ ಸರಿ ಮಾಡೋಕಾಗಲ್ಲ, ಡಾಕ್ಟರೂ ಮಾಡೋಕಾಗಲ್ಲ. ಆದ್ರೆ ಕಾಲು ಕೆಟ್ಟಿರೋದು ಕೂತೂ ಕೂತೂ. ಸೋಮಾರಿ ಕಾಲು ನಾಕು ಹೆಜ್ಜೆಗೇ ಜಾಸ್ತಿ ಉಸಿರು ಕೇಳುತ್ತೆ. ಇರೋ ಉಸಿರೇ ಕಮ್ಮಿ. ಎಲ್ಲಿಂದ ಕೊಡ್ತಾರೆ ಇವರು?"

ಅಂದೇ ಅವನನ್ನು ಹಿಂದಿನ ವರಾಂಡದಲ್ಲಿ ಇಪ್ಪತ್ತು ಹೆಜ್ಜೆ ನಡೆಸಿದಳು. ಇಪ್ಪತ್ತನೆಯ ಹೆಜ್ಜೆಗೆ ಉಜ್ಜನಪ್ಪ ಗೋಡೆ ಹಿಡಿದು ನಿಂತ. ಗಂಟಲಿನಲ್ಲಿ ಸಿಳ್ಳೆಯಂಥ ಸದ್ದು ಬಂತು. ಶಂಕರಮ್ಮನ ಮುಖ ಬಿಳಿಚಿಕೊಂಡಿತು. ಓಡಿ ಹೋಗಿ ಡಾಕ್ಟರರನ್ನೇ ಕರೆತಂದಳು.

ಡಾಕ್ಟರ್ ಶಿವಮೂರ್ತಪ್ಪ ವಯಸ್ಸಾದವರು, ಯಾವುದಕ್ಕೂ ಅವಸರ ಮಾಡುವವರಲ್ಲ. "ನಾವು ಓದಿದ ಪುಸ್ತಕದಲ್ಲಿ ವಿಶ್ರಾಂತಿ ಅಂತಾನೇ ಇದೆಯಮ್ಮ," ಎಂದರು. "ಈಚೆಗೆ ಬರೋ ವೈದ್ಯ ಪತ್ರಿಕೆಗಳಲ್ಲಿ ನಡೆಸಿ ಅಂತ ಬರೀತಿದ್ದಾರೆ. ದೊಡ್ಡ ದೊಡ್ಡೋರಲ್ಲೇ ಎರಡು ಪಕ್ಷ. ಪ್ರೇಮಮ್ಮ ಬೊಂಬಾಯಲ್ಲಿ ಕಣ್ಣಾರೆ ನೋಡಿ ಬಂದಿದ್ದಾಳೆ. ಮೂರು ವರ್ಷ ಕೂತು ನೋಡಿದ್ದಾಯ್ತಲ್ಲ, ಮೂರು ತಿಂಗಳು ಇವಳು ಹೇಳಿದ ಹಾಗೆ ಮಾಡಿ ನೋಡಿ. ಶನಿವಾರ ಶನಿವಾರ ಬನ್ನಿ."

ಶಂಕರಮ್ಮ ಅರ್ಧ ಒಪ್ಪಿದಳು. ಉಸಿರಾಟದ ಅಭ್ಯಾಸ ಎಂದರೆ ಸೀಸೆ ಊದಿಸುತ್ತಾರಂತೆ, ಊದಿಸಲಿ. ನಡೆಯುವುದು ಮಾತ್ರ ಬೇಡ ಎಂದು ಗಂಡನಿಂದ ಮಾತು ತೆಗೆದುಕೊಂಡಳು. ಉಜ್ಜನಪ್ಪ ತಲೆಯಾಡಿಸಿದ. ತಲೆಯಾಡಿಸುವುದಕ್ಕೆ ಉಸಿರು ಬೇಕಾಗುತ್ತಿರಲಿಲ್ಲ.

ಹೀಗೆ ಶನಿವಾರದ ಶಿವಮೊಗ್ಗ ಶುರುವಾಯಿತು. ಬೆಳಗಿನ ರೈಲಿನಲ್ಲಿ ಗಂಡ ಹೆಂಡತಿ ಬಂದು, ಅವನನ್ನು ಆಸ್ಪತ್ರೆಯ ವರಾಂಡದಲ್ಲಿ ಕೂರಿಸಿ, ಶಂಕರಮ್ಮ ಪಕ್ಕದ ಬೀದಿಯಲ್ಲಿದ್ದ ಅಕ್ಕನ ಮನೆಗೆ ಹೋಗುತ್ತಿದ್ದಳು. ಹನ್ನೊಂದೂವರೆಗೆ ವಾಪಸ್ಸು ಬರುತ್ತಿದ್ದಳು.

ಆ ವರಾಂಡದಲ್ಲಿ ಉಜ್ಜನಪ್ಪನಿಗೆ ಒಬ್ಬಳು ಸಹಪಾಠಿ ಸಿಕ್ಕಳು. ಅವಳು ಕಲ್ಲಮ್ಮ. ಗಾಂಧಿಬಜಾರಿನ ಹಿಂದೆ ಖಾನಾವಳಿ ಇಟ್ಟಿದ್ದವಳು. ಅರವತ್ತರ ಹತ್ತಿರದ ಗಟ್ಟಿ ದನಿಯ ಹೆಂಗಸು. ಆ ದನಿ ಈಗ ಎರಡು ಮಾತಿಗೊಮ್ಮೆ ನಿಲ್ಲುತ್ತಿತ್ತು, ಅಷ್ಟೆ.

"ನೀವು ಎಷ್ಟು ವರ್ಷ ಬೀಡಿ ಸೇದಿದ್ರಿ?" ಎಂದು ಮೊದಲ ದಿನವೇ ಕೇಳಿದಳು.

"ಮೂವತ್ತು."

"ನಾನು ಒಂದೂ ಸೇದಿಲ್ಲ ಮಾರಾಯ್ರೆ. ನಾನು ಒಲೆ ಸೇದಿದ್ದೀನಿ. ನಲವತ್ತು ವರ್ಷ, ದಿನಕ್ಕೆ ಇನ್ನೂರು ರೊಟ್ಟಿ. ಹಸಿ ಸೌದೆ."

ಪ್ರೇಮಮ್ಮ ಇಬ್ಬರನ್ನೂ ಚಾಪೆಯ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಒಂದೊಂದು ಸೇರು ರಾಗಿ ತುಂಬಿದ ಚೀಲ ಇಟ್ಟಳು. ಉಸಿರೆಳೆದರೆ ಚೀಲ ಮೇಲೇಳಬೇಕು, ಬಿಟ್ಟರೆ ಇಳಿಯಬೇಕು. ಭುಜ ಅಲುಗಬಾರದು. ಉಜ್ಜನಪ್ಪನ ಚೀಲ ಅಲುಗಲೇ ಇಲ್ಲ. ಭುಜಗಳು ಮಾತ್ರ ಕಿವಿಯವರೆಗೆ ಹೋಗಿ ಬಂದವು. "ಜೀವಮಾನ ಪೂರ್ತಿ ರಾಗಿ ಜೊತೆ ಇದ್ದೋರು, ಒಂದು ಸೇರು ಎತ್ತೋಕಾಗ್ಲಿಲ್ವಲ್ಲ" ಎಂದು ಕಲ್ಲಮ್ಮ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂದು ಅವಳ ಚೀಲ ಉರುಳಿ ಬಿತ್ತು.

ಆಮೇಲೆ ಊದುವುದು. ಎರಡು ಗಾಜಿನ ಸೀಸೆ, ನಡುವೆ ರಬ್ಬರ್ ನಳಿಕೆ, ಒಂದರಲ್ಲಿ ನೇರಳೆ ಬಣ್ಣದ ನೀರು. ನಿಧಾನವಾಗಿ ಊದಿ ನೀರನ್ನು ಆ ಸೀಸೆಯಿಂದ ಈ ಸೀಸೆಗೆ ದಾಟಿಸಬೇಕು. "ಜೋರಾಗಿ ಊದಬಾರದು. ಬಿಸಿ ಕಾಫಿ ಆರಿಸೋ ಹಾಗೆ, ತುಟಿ ಸಣ್ಣ ಮಾಡಿ," ಎನ್ನುತ್ತಿದ್ದಳು ಪ್ರೇಮಮ್ಮ. "ಎಳ್ಕೊಳ್ಳೋದಕ್ಕೆ ಒದ್ದಾಡ್ತೀರಿ ಎಲ್ಲರೂ. ತೊಂದರೆ ಇರೋದು ಬಿಡೋದರಲ್ಲಿ. ಹಳೇ ಗಾಳಿ ಒಳಗೇ ಕೂತಿದ್ರೆ ಹೊಸದು ಎಲ್ಲಿ ಬರುತ್ತೆ? ಮೊದಲು ಖಾಲಿ ಮಾಡಿ."

ಕೊನೆಗೆ ನಡಿಗೆ. ಎರಡು ಹೆಜ್ಜೆಗೆ ಮೂಗಿನಿಂದ ಉಸಿರೆಳೆದು, ನಾಲ್ಕು ಹೆಜ್ಜೆಗೆ ಬಾಯಿಂದ ಬಿಡುತ್ತಾ ವರಾಂಡದ ಆ ತುದಿಯವರೆಗೆ. ನಿಲ್ಲಬೇಕು ಅನ್ನಿಸಿದರೆ ನಿಂತು ಮೊಣಕಾಲಿನ ಮೇಲೆ ಕೈಯೂರಿ ಬಾಗಬೇಕು. ಹೆದರಬಾರದು. ಮತ್ತೆ ಹೊರಡಬೇಕು.

ಮೂರನೆಯ ಶನಿವಾರ ಪ್ರೇಮಮ್ಮ ಕೇಳಿದಳು, "ಇಷ್ಟೆಲ್ಲ ಕಷ್ಟ ಪಡ್ತಿದ್ದೀರಲ್ಲ, ಯಾತಕ್ಕೆ? ಒಂದೊಂದು ಆಸೆ ಹೇಳಿ."

ಕಲ್ಲಮ್ಮನ ಉತ್ತರ ಸಿದ್ಧವಾಗಿತ್ತು. "ನಮ್ಮ ಮಾಳಿಗೆ ಮೇಲೆ ಹಪ್ಪಳ ಒಣಹಾಕ್ತೀವಿ. ಕಾಯೋಕೆ ಬಿಟ್ಟ ಹೆಂಗಸರೇ ಅರ್ಧ ತಿಂದು ಕಾಗೆ ಮೇಲೆ ಹೇಳ್ತಾರೆ. ನಾನು ಹತ್ತಲ್ಲ ಅಂತ ಅವರಿಗೆ ಗೊತ್ತು. ಒಂದು ಸಲ ಸದ್ದಿಲ್ಲದೆ ಹತ್ತಿ ಹಿಡೀಬೇಕು."

ಉಜ್ಜನಪ್ಪ ಬಾಗಿಲ ಕಡೆ ಒಮ್ಮೆ ನೋಡಿಕೊಂಡ. "ಹೆಂಡತಿ ಜೊತೆ ಒಂದು ಜಗಳ ಪೂರ್ತಿ ಆಡ್ಬೇಕು," ಎಂದ. "ಮೂರು ವರ್ಷದಿಂದ ಅರ್ಧಕ್ಕೇ ಉಸಿರು ನಿಲ್ಲುತ್ತೆ. ಅವಳೇ ಗೆದ್ದಂಗಾಗುತ್ತೆ."

ಪ್ರೇಮಮ್ಮ ನಗುತ್ತಾ ಎರಡನ್ನೂ ಅವರವರ ಚೀಟಿಯ ಮೇಲೆ ಬರೆದುಕೊಂಡಳು. ಆದರೆ ವಾರಕ್ಕೊಂದು ದಿನ ವರಾಂಡದಲ್ಲಿ ನಡೆದರೆ ಸಾಲದು, ಮನೆಯಲ್ಲೂ ದಿನಾ ನಡೆಯಬೇಕು ಎಂದಳು. ಉಜ್ಜನಪ್ಪನಿಗೆ ಎದುರಾದ ತೊಡಕು ಅದೇ. ಮನೆಯಲ್ಲಿ ಮಂಚದಿಂದ ಕಾಲು ಕೆಳಗಿಟ್ಟರೆ ಶಂಕರಮ್ಮ ಪ್ರತ್ಯಕ್ಷಳಾಗುತ್ತಿದ್ದಳು.

ದಾರಿ ಸಿಕ್ಕಿದ್ದು ಡಾಕ್ಟರರ ಚೀಟಿಯಿಂದಲೇ. ಅದರಲ್ಲಿ ಅವರು "ಸಂಜೆ ಹೊತ್ತು ತೆರೆದ ಗಾಳಿ" ಎಂದೂ ಬರೆದಿದ್ದರು. ಶಂಕರಮ್ಮ ಅದನ್ನು ಒಪ್ಪಿ, ಬೀದಿಯಲ್ಲೇ ಇದ್ದ ಜಟಕಾ ರಾಮಯ್ಯನಿಗೆ ಹೇಳಿಟ್ಟಳು: ದಿನಾ ಐದು ಗಂಟೆಗೆ ಯಜಮಾನರನ್ನು ಹೊಳೆ ಸೇತುವೆಯವರೆಗೆ ಕರೆದುಕೊಂಡು ಹೋಗಿ ಗಾಳಿ ಕುಡಿಸಿಕೊಂಡು ಬರಬೇಕು, ಕುಲುಕಬಾರದು. ಮೊದಲ ದಿನ ತಾನೇ ಮೆತ್ತೆ ಹಾಸಿ, ಶಾಲು ಹೊದಿಸಿ, ಕೈಹಿಡಿದು ಹತ್ತಿಸಿದಳು.

ಬೀದಿಯ ತಿರುವು ದಾಟಿದ್ದೇ ಉಜ್ಜನಪ್ಪ, "ನಿಲ್ಸು ರಾಮಯ್ಯ" ಎಂದ.

"ಯಾಕ್ ಯಜಮಾನ್ರೆ? ಎದೆ ಹಿಡೀತಾ?"

"ಇಳಿಸು. ನಡೀತೀನಿ."

"ಅಯ್ಯಯ್ಯೋ, ಬೇಡಿ. ನಂಗೆ ಅಮ್ಮೋರು ಏನ್ ಹೇಳವ್ರೆ ಗೊತ್ತಾ?"

"ಆಸ್ಪತ್ರೆ ಸಿಸ್ಟರ್ ಏನು ಹೇಳವ್ರೆ ನಿಂಗೆ ಗೊತ್ತಾ? ಇಳಿಸು ಮಾರಾಯ. ನೀನು ಗಾಡಿ ಪಕ್ಕದಲ್ಲೇ ತಗೊಂಡು ಬಾ. ಬಿದ್ರೆ ಎತ್ಕೊಂಡು ಹಾಕ್ಕೊ."

ರಾಮಯ್ಯ ಹತ್ತು ದೇವರನ್ನು ನೆನೆದು ಇಳಿಸಿದ. ಉಜ್ಜನಪ್ಪ ಗಾಡಿಯ ಹಿಂದಿನ ಸರಳು ಹಿಡಿದು, ಎರಡು ಹೆಜ್ಜೆಗೆ ಎಳೆದು ನಾಲ್ಕು ಹೆಜ್ಜೆಗೆ ಬಿಟ್ಟು, ಮೊದಲನೆಯ ಲೈಟುಕಂಬದವರೆಗೆ ನಡೆದ. ಅಲ್ಲಿ ನಿಂತು ಕಂಬಕ್ಕೆ ಒರಗಿ ತುಟಿ ಸಣ್ಣ ಮಾಡಿ ಕಾಫಿ ಆರಿಸಿದ. ಬಿಸಿಲು ಇಳಿಯುತ್ತಿತ್ತು. ಯಾರದೋ ಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು. ಮೂರು ವರ್ಷದಿಂದ ಸದ್ದಿನಲ್ಲೇ ಗುರುತಿಸುತ್ತಿದ್ದ ಬೀದಿಯನ್ನು ಅವನು ಕಣ್ಣಿನಿಂದ ನೋಡುತ್ತಿದ್ದ. ಮತ್ತೆ ಜಟಕಾ ಹತ್ತಿ ಸೇತುವೆಗೆ ಹೋಗಿ ಬಂದ. ಮನೆಯ ಮುಂದೆ ಶಂಕರಮ್ಮ ಅವನ ಮುಖ ನೋಡಿ, "ಗಾಳಿ ಒಗ್ಗಿದೆ. ಮುಖದಲ್ಲಿ ಕಳೆ ಬಂದಿದೆ" ಎಂದಳು.

ತಿರುವಿನಿಂದ ಸೇತುವೆಗೆ ಹನ್ನೊಂದು ಕಂಬ. ಮೊದಲ ವಾರ ಒಂದು ಕಂಬ, ಎರಡನೆಯ ವಾರ ಎರಡು, ಆಮೇಲೆ ನಾಲ್ಕು. ಒಂದೊಂದು ಕಂಬದ ಬಳಿ ನಿಂತು ಸುಧಾರಿಸಿಕೊಂಡು ಮುಂದಿನದಕ್ಕೆ. ಖಾಲಿ ಜಟಕಾ ಮುಂದೆ, ಅದನ್ನು ಬಾಡಿಗೆಗೆ ಹಿಡಿದವನು ಹಿಂದೆ. ಜನ ನೋಡಿ ನಕ್ಕರು. ಏಳನೆಯ ಕಂಬದ ಸೋಡಾ ಅಂಗಡಿಯವನು, "ಏನ್ ಉಜ್ಜನಪ್ಪಾರೆ, ಕುದುರೆಗೆ ವಾಕಿಂಗ್ ಮಾಡಿಸ್ತಿದ್ದೀರಾ?" ಎಂದು ದಿನಾ ಕೇಳುತ್ತಿದ್ದ. ಉಜ್ಜನಪ್ಪ ಕೈಯೆತ್ತಿ ಹೌದೆನ್ನುತ್ತಿದ್ದ. ನಡೆಯುವಾಗ ಮಾತು ಬೇಡ, ಅದು ಉಸಿರು ತಿನ್ನುತ್ತೆ ಎಂದು ಪ್ರೇಮಮ್ಮ ಹೇಳಿದ್ದಳು.

ರಾಮಯ್ಯನ ಕುದುರೆ ಗೌರಿ ಬಹಳ ವಯಸ್ಸಿನದು, ಬುದ್ಧಿಯೂ ಇತ್ತು. ಒಂದು ತಿಂಗಳಲ್ಲಿ ಅದು ಪಾಠ ಕಲಿತುಬಿಟ್ಟಿತು. ಯಾರೂ ಲಗಾಮು ಎಳೆಯದಿದ್ದರೂ ಒಂದೊಂದು ಲೈಟುಕಂಬದ ಹತ್ತಿರ ತಾನೇ ನಿಲ್ಲುವುದು, ಒಂದು ನಿಮಿಷ ನಿಂತು ತಾನೇ ಹೊರಡುವುದು. ಉಜ್ಜನಪ್ಪನಿಗೆ ಅದು ಬಹಳ ಅನುಕೂಲವಾಯಿತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಶಂಕರಮ್ಮ ಸೇತುವೆಯಾಚೆಯ ಬಂಧುಗಳ ಮನೆಯ ಸೀಮಂತಕ್ಕೆ ಹೋಗಬೇಕಾಗಿತ್ತು. ರಾಮಯ್ಯನ ಜಟಕಾದಲ್ಲೇ ಹೊರಟಳು. ತಿರುವು ದಾಟಿ ಮೊದಲ ಕಂಬದ ಬಳಿ ಗೌರಿ ನಿಂತಿತು.

"ಯಾಕೋ ನಿಂತಿತು?" ಎಂದಳು ಶಂಕರಮ್ಮ.

"ಏನೋ ಅಮ್ಮ, ಕಾಲಿಗೆ ಕಲ್ಲು ಸಿಕ್ಕಿರಬೇಕು," ಎಂದ ರಾಮಯ್ಯ. ಚಾವಟಿ ಆಡಿಸಿದ, ನಾಲಿಗೆ ಲೊಚಗುಟ್ಟಿಸಿದ. ಗೌರಿ ತನ್ನ ಒಂದು ನಿಮಿಷ ಮುಗಿಸಿಯೇ ಹೊರಟಿತು. ಎರಡನೆಯ ಕಂಬಕ್ಕೂ ನಿಂತಿತು. ಮೂರನೆಯದಕ್ಕೂ ನಿಂತಿತು. ರಾಮಯ್ಯ ಮೊದಲು ಲಾಳ ಅಂದ, ಆಮೇಲೆ ಬಿಸಿಲು ಅಂದ, ಆಮೇಲೆ ಸುಮ್ಮನಾದ. ಏಳನೆಯ ಕಂಬದಲ್ಲಿ ಸೋಡಾ ಅಂಗಡಿಯವನು ಗಾಡಿಯೊಳಗೆ ಯಾರಿದ್ದಾರೆಂದು ನೋಡದೆಯೇ, "ಏನ್ ರಾಮಯ್ಯ, ಇವತ್ತು ನಡೆಯೋರು ಎಲ್ಲಿ? ಬರೀ ಗಾಡಿ ಬಂದಿದೆ?" ಎಂದು ಕೂಗಿದ.

ಶಂಕರಮ್ಮ ಸೀಮಂತಕ್ಕೆ ಹೋಗಲಿಲ್ಲ. ಗಾಡಿ ತಿರುಗಿಸಿಕೊಂಡು ಬಂದು ಪಡಸಾಲೆಯಲ್ಲಿ ಗಂಡನ ಎದುರು ನಿಂತಳು.

"ನಡೀತಿದ್ದೀರಾ?"

"ನಡೀತಿದ್ದೀನಿ."

"ಎಷ್ಟು ದಿನದಿಂದ?"

"ನಲವತ್ತು ದಿನ ಆಯ್ತು. ಒಂಬತ್ತನೇ ಕಂಬದವರೆಗೂ ಹೋಗ್ತೀನಿ."

ಅವಳು ಶುರು ಮಾಡಿದಳು. ನಂಬಿಸಿ ಮೋಸ ಮಾಡಿದಿರಿ, ಊರಿನವರ ಎದುರು ನಗೆಪಾಟಲು ಮಾಡಿದಿರಿ, ದಾರಿಯಲ್ಲಿ ಬಿದ್ದಿದ್ದರೆ ನನ್ನ ಗತಿ ಏನು ಎಂದಳು. ಉಜ್ಜನಪ್ಪ ಎದ್ದು ನಿಂತ. ಮೂರು ವರ್ಷದಿಂದ ಒಳಗೆ ಕೂತಿದ್ದದ್ದೆಲ್ಲ ಹೊರಗೆ ಬಂತು. ತಾನು ಗಂಡಸೋ ಗೋಡೆಗೆ ತಗುಲಿ ಹಾಕಿದ ಪಟವೋ ಎಂದು ಕೇಳಿದ. ತನ್ನ ಗುಂಡಿ ತಾನು ಹಾಕಿಕೊಳ್ಳುವ ಹಾಗಿಲ್ಲ, ತನ್ನ ನೀರು ತಾನು ಕುಡಿಯುವ ಹಾಗಿಲ್ಲ, ಸತ್ತ ಮೇಲೆ ಮಲಗುವುದು ಇದ್ದೇ ಇದೆ, ಈಗಿನಿಂದಲೇ ಯಾಕೆ ಅಭ್ಯಾಸ ಮಾಡಿಸುತ್ತೀ ಎಂದ. ನಡುವೆ ಎರಡು ಸಲ ನಿಂತು ತುಟಿ ಸಣ್ಣ ಮಾಡಿ ಉಸಿರು ಬಿಟ್ಟು ಮತ್ತೆ ಮುಂದುವರಿಸಿದ. ಕೊನೆಯ ಮಾತಿನವರೆಗೂ ಆಡಿ ಮುಗಿಸಿ ಮಂಚದ ಮೇಲೆ ಕೂತ. ಕೂತ ಮೇಲೆ ಅವನಿಗೇ ಆಶ್ಚರ್ಯವಾಯಿತು.

"ಪೂರ್ತಿ ಆಡಿಬಿಟ್ಟೆ," ಎಂದ.

ಶಂಕರಮ್ಮ ಪಡಸಾಲೆಯ ಕಂಬದ ಬುಡದಲ್ಲಿ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು.

"ನಮ್ಮಪ್ಪ ರೈಲಲ್ಲೇ ತೀರ್ಕೊಂಡದ್ದು ನಿಮಗೆ ಗೊತ್ತು. ಹೆಂಗೆ ಹೋದ್ರು ಅಂತ ನಾನು ಯಾವತ್ತೂ ಹೇಳಿಲ್ಲ. ನನ್ನನ್ನ ತವರಿಂದ ಇಲ್ಲಿಗೆ ಬಿಡೋಕೆ ಬರ್ತಿದ್ರು. ತರೀಕೆರೆಲಿ ರೈಲು ಹೊರಡ್ತಿತ್ತು. ನನ್ನ ಗಂಟು ಹೊತ್ಕೊಂಡು ಓಡಿದ್ರು. ಹತ್ತಿ ಕೂತ್ರು, ಏದುಸಿರು ಬಿಡ್ತಿದ್ರು. ಈಗ ಇಳಿಯುತ್ತೆ ಕೂಸೆ, ಈಗ ಇಳಿಯುತ್ತೆ ಅಂತಿದ್ರು. ಇಳೀಲಿಲ್ಲ. ಮುಂದಿನ ಸ್ಟೇಷನ್ ಬರೋ ಹೊತ್ತಿಗೆ ನನ್ನ ತೊಡೆ ಮೇಲೇ ಹೋದ್ರು. ಅವತ್ತಿಂದ ಯಾರ ಏದುಸಿರು ಕೇಳಿದ್ರೂ ನಂಗೆ ಆ ರೈಲೇ."

ಮೂವತ್ತೆರಡು ವರ್ಷದ ಸಂಸಾರದಲ್ಲಿ ಉಜ್ಜನಪ್ಪ ಇದನ್ನು ಮೊದಲ ಸಲ ಕೇಳುತ್ತಿದ್ದ. ಗೆದ್ದ ಜಗಳದ ಸಂತೋಷ ಎಲ್ಲಿ ಹೋಯಿತೋ. ಎದ್ದು ಹೋಗಿ ಅಡುಗೆಮನೆಯಿಂದ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟ. ಅವಳು ಕುಡಿದಳು. ಅವನು ಎದ್ದು ಹೋಗಿ ತಂದದ್ದು ಅವಳ ಗಮನಕ್ಕೆ ಬಂದದ್ದು ಲೋಟ ಖಾಲಿಯಾದ ಮೇಲೆ.

"ಶನಿವಾರ ನೀನೂ ಒಳಗೆ ಬಾ," ಎಂದ ಉಜ್ಜನಪ್ಪ. "ಇದನ್ನ ಸಿಸ್ಟರ್ ಹತ್ತಿರ ಹೇಳು. ಅವರು ನಡೀಬೇಡಿ ಅಂದ್ರೆ ನಾನು ನಡೆಯಲ್ಲ."

ಶನಿವಾರ ಶಂಕರಮ್ಮ ಅಕ್ಕನ ಮನೆಗೆ ಹೋಗದೆ ವರಾಂಡದ ಬೆಂಚಿನ ಮೇಲೆ ಕೂತಳು. ಪ್ರೇಮಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಸಮಾಧಾನದ ಮಾತು ಏನೂ ಆಡಲಿಲ್ಲ. "ನೀವು ಕಡೇ ಸಲ ಮೆಟ್ಲು ಹತ್ತಿದ್ದು ಯಾವಾಗ ಶಂಕರಮ್ಮನೋರೆ?" ಎಂದು ಕೇಳಿದಳು.

"ನಂಗೆಲ್ಲಿ ಮೆಟ್ಲು? ಇವರನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಮೂರು ವರ್ಷದಿಂದ ಇವರ ಮಂಚದ ಪಕ್ಕದಲ್ಲೇ ಕೂತಿದ್ದೀನಿ."

"ಸರಿ. ಬನ್ನಿ, ನಮ್ಮ ಜೊತೆ ಮಹಡಿ ಹತ್ತಿ."

ಆಸ್ಪತ್ರೆಯ ಹಿಂದೆ ಮಹಡಿಗೆ ಹದಿನಾರು ಕಲ್ಲು ಮೆಟ್ಟಿಲು. ಉಜ್ಜನಪ್ಪ ಮತ್ತು ಕಲ್ಲಮ್ಮ ತಮ್ಮ ಲೆಕ್ಕದಲ್ಲಿ ಹೊರಟರು. ಒಂದು ಮೆಟ್ಟಿಲು ಹತ್ತುವಾಗ ಉಸಿರು ಬಿಡುವುದು, ನಿಂತು ಎಳೆಯುವುದು. ಶಂಕರಮ್ಮನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಗಂಡ ಎಲ್ಲಿ ಬಿದ್ದಾನೋ ಎಂಬ ಗಾಬರಿಯಲ್ಲಿ ದಡದಡನೆ ಅವನನ್ನು ದಾಟಿ ಮೇಲೆ ಹೋದಳು. ಹನ್ನೆರಡನೆಯ ಮೆಟ್ಟಿಲಿಗೆ ಅವಳ ಎದೆ ಹೊಡೆದುಕೊಳ್ಳತೊಡಗಿತು. ಹದಿನಾರಕ್ಕೆ ಬಾಯಿ ತೆರೆದು ಏದುತ್ತಾ ಗೋಡೆ ಹಿಡಿದಳು. ಕಣ್ಣಿನಲ್ಲಿ ಹೆದರಿಕೆ ತುಂಬಿತು.

ಉಜ್ಜನಪ್ಪ ತನ್ನ ಪಾಡಿಗೆ ಹತ್ತಿ ಬಂದು ಅವಳ ಪಕ್ಕ ನಿಂತ. "ಬಾಗು. ಕೈ ಮೊಣಕಾಲಿನ ಮೇಲೆ ಇಡು. ಹೂಂ. ಈಗ ಬಿಸಿ ಕಾಫಿ ಆರಿಸು."

ಅವಳು ಆರಿಸಿದಳು. ಪ್ರೇಮಮ್ಮ ಅವಳ ಮಣಿಕಟ್ಟು ಹಿಡಿದು ತನ್ನ ಗಡಿಯಾರ ನೋಡುತ್ತಾ ನಿಂತಳು. ಕೆಳಗೆ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು.

"ಮೂರು ನಿಮಿಷ ಆಯ್ತು," ಎಂದಳು ಪ್ರೇಮಮ್ಮ. "ಈಗ ಹೇಗಿದೆ?"

"ಇಳೀತು," ಎಂದಳು ಶಂಕರಮ್ಮ. ಇನ್ನೊಮ್ಮೆ ತನಗೇ ಹೇಳಿಕೊಳ್ಳುವವಳಂತೆ, "ಇಳೀತು" ಎಂದಳು.

"ಇದು ಕೆಲಸದ ಏದುಸಿರು. ಕೂತ್ರೆ ಇಳಿಯುತ್ತೆ. ಇದಕ್ಕೆ ಹೆದರಬಾರದು. ಇನ್ನೊಂದಿದೆ. ಸುಮ್ಮನೆ ಕೂತಾಗ್ಲೇ ಬರೋದು, ಎದೆ ನೋವು, ತುಟಿ ನೀಲಿ, ಜ್ವರ. ಅದಕ್ಕೆ ಹೆದರಿ, ತಕ್ಷಣ ಇಲ್ಲಿಗೆ ಬನ್ನಿ. ನಿಮ್ಮ ತಂದೆಯವರದ್ದು ಹೃದಯದ ತೊಂದರೆ ಇದ್ದಿರಬೇಕು. ಅದು ಬೇರೆ. ನಡೆಯುವಾಗ ಇವರಿಗೆ ಹೆಸರು ಕೇಳಿ. ಉಜ್ಜನಪ್ಪ ಅಂತ ಪೂರ್ತಿ ಹೇಳಿದ್ರೆ ನಡೆಸಿ. ಉಜ್ ಅಂತ ನಿಂತ್ರೆ ನಿಲ್ಸಿ."

ಕಲ್ಲಮ್ಮ ಅಷ್ಟರಲ್ಲಿ ಮೇಲೆ ತಲುಪಿ, ಪ್ಯಾರಾಪೆಟ್ಟಿಗೆ ಒರಗಿ ನಗುತ್ತಿದ್ದಳು. "ಶಂಕ್ರಮ್ಮ, ನಿಮ್ಮನ್ನೂ ಸೇರಿಸ್ಕೊಂಡ್ರೆ ನಾವು ಮೂರು ಜನ ಆಗ್ತೀವಿ. ಬೀಡಿ, ಒಲೆ, ಮಂಚ."

ಶಂಕರಮ್ಮನಿಗೂ ನಗು ಬಂತು.

ಅಂದಿನಿಂದ ಉಜ್ಜನಪ್ಪನ ಕಷ್ಟ ಬೇರೆ ಥರದ್ದಾಯಿತು. ಶಂಕರಮ್ಮ ಪ್ರೇಮಮ್ಮನಿಗಿಂತ ಕಠಿಣವಾದ ಮೇಷ್ಟರಾದಳು. ಬೆಳಗ್ಗೆ ಹೊಟ್ಟೆಯ ಮೇಲೆ ರಾಗಿ ಚೀಲ, ಹತ್ತು ಗಂಟೆಗೆ ಸೀಸೆ, ಸಂಜೆ ನಡಿಗೆ. ಇವತ್ತು ಮೋಡ ಇದೆ ಎಂದರೆ, "ಮೋಡ ನಿಮ್ಮ ಕಾಲಿಗೆ ಏನು ಮಾಡುತ್ತೆ?" ಎನ್ನುತ್ತಿದ್ದಳು. ಇಬ್ಬರೂ ಜೊತೆಯಾಗಿ ಹೊರಡುತ್ತಿದ್ದರು, ಎರಡು ಕಂಬಕ್ಕೊಮ್ಮೆ ಅವಳು "ಹೆಸರು?" ಎನ್ನುವಳು, ಅವನು "ಉಜ್ಜನಪ್ಪ" ಎನ್ನುವನು. ಹೊಸದಾಗಿ ನೋಡಿದವರಿಗೆ ಈ ಹೆಂಗಸು ಗಂಡನ ಹೆಸರನ್ನು ಮರೆತಿದ್ದಾಳೇನೋ ಅನ್ನಿಸುತ್ತಿತ್ತು. ರಾಮಯ್ಯನಿಗೆ ಸಂಜೆಯ ಬಾಡಿಗೆ ತಪ್ಪಿತು. ಅದಕ್ಕಿಂತ ದೊಡ್ಡ ಚಿಂತೆ ಗೌರಿಯದು: ಸ್ಟೇಷನ್ನಿಗೆ ಹೊರಟವರನ್ನೂ ಕಂಬಕಂಬಕ್ಕೆ ನಿಲ್ಲಿಸುತ್ತದೆ, ಇಬ್ಬರಿಗೆ ರೈಲು ತಪ್ಪಿದೆ ಎಂದು ದೂರಿದ. ಉಜ್ಜನಪ್ಪ ತಾನೇ ನಾಲ್ಕು ದಿನ ಬೆಳಗ್ಗೆ ಹೋಗಿ, ಬೆಲ್ಲ ಕೈಯಲ್ಲಿ ಹಿಡಿದು ಕುದುರೆಯನ್ನು ಕಂಬಗಳಿಂದ ಮುಂದೆ ಕರೆದು ಅಭ್ಯಾಸ ತಪ್ಪಿಸಿದ. ಅದೂ ಅವನ ನಡಿಗೆಯ ಲೆಕ್ಕಕ್ಕೆ ಸೇರಿತು.

ಮಳೆಗಾಲದಲ್ಲಿ ಒಂದು ಹಿನ್ನಡೆ ಆಯಿತು. ಆಗಸ್ಟಿನಲ್ಲಿ ಶೀತ ಎದೆಗಿಳಿದು ಕಫ ಹಳದಿಯಾಯಿತು. ಎರಡು ವಾರ ಮತ್ತೆ ಆ ಎಂಟು ಹಾಸಿಗೆಯ ಆಸ್ಪತ್ರೆ. ಎದ್ದು ಬಂದು ನಡೆದರೆ ಒಂದೂವರೆ ಕಂಬಕ್ಕೆ ಸುಸ್ತು. ಉಜ್ಜನಪ್ಪ ಮಂಕಾಗಿ ಕೂತುಬಿಟ್ಟ. "ಎಲ್ಲ ಹೊಳೆಗೆ ಹೋಯ್ತು" ಎಂದ. ಆ ಭಾನುವಾರ ಕಲ್ಲಮ್ಮ ಶಿವಮೊಗ್ಗದಿಂದ ಬಸ್ಸಿನಲ್ಲಿ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಂಡು ಒಬ್ಬಳೇ ಬಂದಳು. ಬಂದವಳು ಮೊದಲು ಐದು ನಿಮಿಷ ಜಗಲಿಯ ಮೇಲೆ ಬಾಗಿ ಕೂತು ಕಾಫಿ ಆರಿಸಿದಳು. ಆಮೇಲೆ ತನ್ನ ಕಥೆ ಹೇಳಿದಳು. ಮಾಳಿಗೆ ಹತ್ತಿದ್ದಳಂತೆ. ಹೆಂಗಸರು ಹಪ್ಪಳ ತಿನ್ನುತ್ತಾ ಕೂತಿದ್ದರಂತೆ. ಹತ್ತಿದ ಮೇಲೆ ಬೈಯಲು ಉಸಿರಿರಲಿಲ್ಲವಂತೆ. "ಏನು ಮಾಡ್ಲಿ? ನಾನೂ ಕೂತು ಒಂದು ತಿಂದೆ. ಸುಧಾರಿಸ್ಕೊಂಡ ಮೇಲೆ ಬೈದೆ."

ಉಜ್ಜನಪ್ಪ ಬಿದ್ದು ಬಿದ್ದು ನಕ್ಕ. ಮರುದಿನ ಎರಡು ಕಂಬ ನಡೆದ. ಒಮ್ಮೆ ಕಲಿತ ಕಾಲು ಬೇಗ ಮರಳುತ್ತೆ ಎಂದು ಪ್ರೇಮಮ್ಮ ಹೇಳಿದ್ದು ನಿಜವಾಯಿತು: ಮೊದಲು ನಲವತ್ತು ದಿನ ಹಿಡಿದಿದ್ದ ಒಂಬತ್ತನೆಯ ಕಂಬ ಈ ಸಲ ಹದಿನೆಂಟೇ ದಿನಕ್ಕೆ ಬಂತು. ದಸರೆ ಹೊತ್ತಿಗೆ ಅವನು ಹನ್ನೊಂದು ಕಂಬವನ್ನೂ ದಾಟಿ, ಸೇತುವೆಯ ಆ ತುದಿ ಮುಟ್ಟಿ ಬರುತ್ತಿದ್ದ. ಗಿರಣಿಯ ಒಳಗೆ ಕಾಲಿಡಬಾರದೆಂದು ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ಅವನು ಗಿರಣಿಯ ಎದುರುಸಾಲಿನ ಜಗಲಿಯಲ್ಲಿ ಕೂತು, ಬಂದವರ ಸುಖದುಃಖ ಕೇಳುತ್ತಾ, ಭೂತಪ್ಪ ತೂಗುವುದನ್ನು ದೂರದಿಂದಲೇ ತಿದ್ದುತ್ತಿದ್ದ.

ಕಾರ್ತಿಕದ ಒಂದು ಶನಿವಾರ ಡಾಕ್ಟರ್ ಶಿವಮೂರ್ತಪ್ಪ ಬಹಳ ಹೊತ್ತು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಬೆನ್ನಿಗೆ ಇಟ್ಟು ಕೇಳಿದರು. ಹಳೆಯ ಎಕ್ಸ್‌ರೇಯನ್ನೂ ಹೊಸದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ನಿಮ್ಮ ಶ್ವಾಸಕೋಶ ಹೇಗಿತ್ತೋ ಹಾಗೇ ಇದೆ ಉಜ್ಜನಪ್ಪ. ಒಂದು ಕೂದಲಷ್ಟೂ ಸುಧಾರಿಸಿಲ್ಲ."

"ಹಂಗಾದ್ರೆ ಸೇತುವೆ ದಾಟಿದ್ದು ಯಾರು ಡಾಕ್ಟ್ರೆ?"

"ಅದನ್ನೇ ನಾನೂ ಯೋಚಿಸ್ತಿದ್ದೀನಿ," ಎಂದರು ಡಾಕ್ಟರ್. ಕನ್ನಡಕ ತೆಗೆದು ಒರೆಸಿ, "ಪ್ರೇಮಮ್ಮ, ಆ ವರಾಂಡಕ್ಕೆ ಇನ್ನೂ ನಾಲ್ಕು ಚಾಪೆ ತರಿಸು" ಎಂದರು.

ಅಂದು ಹೊರಗೆ ಬಂದಾಗ ಇನ್ನೂ ಹನ್ನೆರಡು ಆಗಿರಲಿಲ್ಲ. ವಾಪಸ್ಸು ರೈಲಿಗೆ ಬಹಳ ಹೊತ್ತಿತ್ತು. ಕಲ್ಲಮ್ಮನ ಖಾನಾವಳಿಯಲ್ಲಿ ಊಟ ಮಾಡಿ, ಗಂಡ ಹೆಂಡತಿ ಬಜಾರಿನ ನೆರಳಿನ ಕಡೆ ನಿಧಾನವಾಗಿ ನಡೆಯುತ್ತಿದ್ದರು. ಒಂದು ಟಾಕೀಸಿನ ಮುಂದೆ ಶಂಕರಮ್ಮ ನಿಂತು ಗೋಡೆಯ ಮೇಲಿನ ಬಣ್ಣದ ಪೋಸ್ಟರನ್ನು ನೋಡಿದಳು. ಕಿರೀಟ ಇಟ್ಟುಕೊಂಡ ರಾಜ, ಕಾಡಿನಲ್ಲಿ ಅಳುತ್ತಿರುವ ರಾಣಿ.

"ಮ್ಯಾಟ್ನಿ ಇದೆ," ಎಂದ ಉಜ್ಜನಪ್ಪ. "ನೋಡಣ?"

"ಕೆಳಗೆ ನೆಲದ ಕ್ಲಾಸಲ್ಲಿ ಬೀಡಿ ಹೊಗೆ ಇರುತ್ತೆ. ನಿಮಗಾಗಲ್ಲ."

"ಬಾಲ್ಕನಿಗೆ ಹೋಗಣ."

ಶಂಕರಮ್ಮ ಬಾಲ್ಕನಿಯಲ್ಲಿ ಕೂತು ಸಿನಿಮಾ ನೋಡಿರಲಿಲ್ಲ. ಬಾಗಿಲಿನಿಂದ ಇಣುಕಿ ಮೆಟ್ಟಿಲನ್ನು ನೋಡಿದಳು. ಎರಡು ತಿರುವು, ಇಪ್ಪತ್ತನಾಲ್ಕು ಮೆಟ್ಟಿಲು. ಗಂಡನ ಮುಖ ನೋಡಿದಳು. "ನಡೀರಿ," ಎಂದಳು.

ಹತ್ತಿದರು. ನಾಲ್ಕು ಮೆಟ್ಟಿಲಿಗೆ ಒಮ್ಮೆ ನಿಂತರು. ಮೊದಲ ತಿರುವಿನಲ್ಲಿ ಕಿಟಕಿಯ ಕಟ್ಟೆಯ ಮೇಲೆ ಕೂತರು. ಕೆಳಗಿನಿಂದ ಬಂದವರಿಗೆಲ್ಲ ದಾರಿ ಬಿಟ್ಟರು. ಒಳಗೆ ಗಂಟೆ ಹೊಡೆದದ್ದು ಕೇಳಿಸಿತು, ಹಾಡೂ ಶುರುವಾಯಿತು. ಅವಸರ ಮಾಡಲಿಲ್ಲ. ಟಾರ್ಚು ಹಿಡಿದ ಗೇಟ್‌ಕೀಪರ್ ಮೇಲಿನಿಂದ ಬಗ್ಗಿ ನೋಡಿ ಗಾಬರಿಯಿಂದ ಇಳಿದು ಬಂದ.

"ಯಜಮಾನ್ರಿಗೆ ಹುಷಾರಿಲ್ವೇನಮ್ಮ? ನೀರು ತರ್ಲಾ?"

"ಏನೂ ಇಲ್ಲಪ್ಪ," ಎಂದಳು ಶಂಕರಮ್ಮ, ತಾನೂ ತುಟಿ ಸಣ್ಣ ಮಾಡಿ ಉಸಿರು ಬಿಡುತ್ತಾ. "ಇನ್ನು ಎಂಟೇ ಮೆಟ್ಲು. ಬರ್ತೀವಿ, ನೀನು ಹೋಗು."

ಅವರು ಒಳಗೆ ಹೋಗಿ ಕುರ್ಚಿ ಹುಡುಕಿ ಕೂರುವ ಹೊತ್ತಿಗೆ ರಾಣಿ ಆಗಲೇ ಕಾಡು ಸೇರಿ ಅಳುತ್ತಿದ್ದಳು. ಅವಳನ್ನು ಯಾಕೆ ಅಟ್ಟಿದರು ಎಂದು ಇಬ್ಬರಿಗೂ ತಿಳಿಯಲಿಲ್ಲ. ಉಜ್ಜನಪ್ಪ ಪಕ್ಕದ ಕುರ್ಚಿಯವನ ಕಡೆ ಬಾಗಿ, ಇದುವರೆಗೆ ಏನೇನಾಯಿತು ಎಂದು ಕೇಳಿದ. ಅವನು ಒಳ್ಳೆಯ ಮನುಷ್ಯ, ಮೊದಲಿನಿಂದ ಹೇಳತೊಡಗಿದ. ಉಜ್ಜನಪ್ಪ ಕೇಳಿದ್ದನ್ನು ಈ ಕಡೆ ತಿರುಗಿ ಶಂಕರಮ್ಮನ ಕಿವಿಯಲ್ಲಿ ಹೇಳುತ್ತಾ ಹೋದ. ಪರದೆಯ ಮೇಲೆ ಮಳೆ ಶುರುವಾಯಿತು.